ಪ್ರೆಸ್ಸಪ್ಪನಿಗೆ ಹೇಳಿದ ಮಾತು

ನಮ್ಮ ಕಡೆ ಹೊಸಬನನ್ನು ಕಂಡರೆ ಎರಡೇ ಪ್ರಶ್ನೆ. ಯಾವೂರು? ಯಾರ ಮಗ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲಿ ಹೋಗಿ ಬಸ್ಸಿಳಿದರೂ ಇವೇ ಎರಡು. ಇವಕ್ಕೆ ಉತ್ತರ ಸಿಕ್ಕಿತೆಂದರೆ ಯಾವ ಪಾರ್ಟಿ ಅಂತ ಕೇಳುವ ಅಗತ್ಯವೇ ಬೀಳುವುದಿಲ್ಲ. ನಮ್ಮಲ್ಲಿ ಕೂಸಿಗೆ ಹೆಸರಿಡುವುದು ತಡವಾಗಬಹುದು, ಪಾರ್ಟಿ ಮಾತ್ರ ಹುಟ್ಟಿದ ಗಳಿಗೆಯಿಂದಲೇ ಇರುತ್ತದೆ. ನಮ್ಮ ಮನೆಗೂ ಒಂದಿತ್ತು. ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ನಾನಿನ್ನೂ ಅದೇ ಊರಿನಲ್ಲಿ ಬಾಳಬೇಕು.

ನಮ್ಮೂರು ಬೈರಮಂಗಲ ಕೆರೆಯ ಆಚೆ ದಡದಲ್ಲಿದೆ. ಗಾಳಿ ನಮ್ಮ ಕಡೆ ಬೀಸಿದ ದಿನ ಬೆಂಗಳೂರಿನ ಕೊಳಚೆ ತುಂಬಿದ ಕೆರೆಯ ವಾಸನೆಗೆ ಮೂಗು ಮುಚ್ಚಿಕೊಂಡೇ ಉಣ್ಣುವವರು ನಾವು. ಐಟಿಐ ಮುಗಿಸಿ ನಾನು ಒಂದು ವರ್ಷ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದು ಊರಿನವರ ಮಾತು. ನಿಜವಾಗಿ ಅಪ್ಪನ ಹಿಪ್ಪುನೇರಳೆ ತೋಟದಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯುತ್ತಾ ಬೈಸಿಕೊಳ್ಳುತ್ತಿದ್ದೆ. ಅಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲಿ, ನನಗೂ ಅಲ್ಲೇ. ಒಂದೇ ತೋಟದಲ್ಲಿ ಇಬ್ಬರೂ ಇನ್ನೊಂದು ವರ್ಷ ಕುಡುಗೋಲು ಹಿಡಿದುಕೊಂಡು ಓಡಾಡುವುದು ಒಳ್ಳೆಯದಲ್ಲ ಅಂತ ಅವ್ವ ದೇವರಿಗೆ ಹರಕೆ ಹೊತ್ತಿದ್ದಳು. ಹರಕೆ ಫಲಿಸಿ ಬಿಡದಿಯ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಿಂದ ಕಾಗದ ಬಂತು. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಆಗ ಆ ಕಡೆಯೆಲ್ಲ ರಾಗಿ ಹೊಲ ಹೋಗಿ ಶೆಡ್ಡು ಏಳುತ್ತಿದ್ದವು, ಸುತ್ತಲ ಹಳ್ಳಿಯ ಐಟಿಐ ಹುಡುಗರನ್ನು ಕರೆಕರೆದು ತೆಗೆದುಕೊಳ್ಳುತ್ತಿದ್ದರು.

ಕಾರಿನ ಬಾಗಿಲಿನ ತಗಡು ಒತ್ತುವ ಫ್ಯಾಕ್ಟರಿ ಅದು. ಮೊದಲ ದಿನ ಸೂಪರ್‌ವೈಸರ್ ನನ್ನನ್ನು ಒಂದು ದೊಡ್ಡ ಪ್ರೆಸ್ಸಿನ ಹತ್ತಿರ ಕರೆದುಕೊಂಡು ಹೋಗಿ, ನಲವತ್ತು ದಾಟಿದ ದಪ್ಪ ಮೀಸೆಯ ಒಬ್ಬರನ್ನು ತೋರಿಸಿ, "ಇವರು ನಿಮ್ಮ ಸೀನಿಯರ್. ಆರು ತಿಂಗಳು ಇವರ ಹತ್ತಿರ ಕೆಲಸ ಕಲೀರಿ" ಅಂದು ಹೊರಟುಹೋದರು. ಸೀನಿಯರ್ ಬೆಂಗಳೂರಿನ ಪೀಣ್ಯದಲ್ಲಿ ಹದಿನೈದು ವರ್ಷ ಪ್ರೆಸ್ ಓಡಿಸಿ, ಊರ ಹತ್ತಿರವೇ ಫ್ಯಾಕ್ಟರಿ ಬಂತಲ್ಲ ಅಂತ ಮರಳಿ ಬಂದವರು. ಬಟ್ಟೆಯ ಚೂರಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಗುನಗುತ್ತಲೇ ಕೇಳಿದರು.

"ಯಾವೂರ್ಲಾ?"

ಹೇಳಿದೆ.

"ಅಯ್ಯೋ, ನಮ್ಮ ಪಕ್ಕದೂರು ಕಣ್ಲಾ! ಯಾರ ಮಗ?"

ಅಪ್ಪನ ಹೆಸರು ಹೇಳಿದೆ.

ಒರೆಸಿಕೊಳ್ಳುತ್ತಿದ್ದ ಕೈ ನಿಂತಿತು. ನಗುವೂ ನಿಂತಿತು. ನನ್ನನ್ನು ಬಿಟ್ಟು ಪ್ರೆಸ್ಸಿನ ಕಡೆ ತಿರುಗಿ, ಅದರ ಕಬ್ಬಿಣದ ಕಂಬವನ್ನು ಎರಡು ಸಲ ತಟ್ಟಿ, "ನೋಡಪ್ಪಾ, ನಿಂಗೂ ಎಂಥಾ ಗ್ರಾಚಾರ ವಕ್ಕರಿಸ್ತು" ಅಂದರು. ಅವತ್ತಿನಿಂದ ಅವರು ನನ್ನ ಮುಖ ನೋಡಿ ಮಾತಾಡಲಿಲ್ಲ.

ಅವರು ಬೇರೆ ಪಾರ್ಟಿಯವರು ಅಂತ ನನಗೆ ಅಲ್ಲೇ ಗೊತ್ತಾಯಿತು. ಅಪ್ಪ ಬರೀ ಪಾರ್ಟಿಯವನಾಗಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ. ಅಪ್ಪ ಬೂತ್ ಏಜೆಂಟ್. ವೋಟಿನ ದಿನ ಶಾಲೆಯ ಕೋಣೆಯಲ್ಲಿ ಪಾರ್ಟಿಯ ಪರವಾಗಿ ಪಟ್ಟಿ ಹಿಡಿದು ಕೂತು, ಬಂದವರು ಪಟ್ಟಿಯಲ್ಲಿರುವವರೇ ಹೌದೋ ಅಲ್ಲವೋ ಅಂತ ನೋಡುವವನು. ನಮ್ಮೂರಿಗೂ ಸೀನಿಯರ ಊರಿಗೂ ಸೇರಿ ಒಂದೇ ಬೂತು, ಹೀಗಾಗಿ ಎರಡೂರಲ್ಲೂ ಅಪ್ಪನ ಹೆಸರು ಪ್ರಸಿದ್ಧ. ಅರ್ಧ ಊರಿಗೆ ಆ ಹೆಸರು ಬೆಲ್ಲ, ಇನ್ನರ್ಧಕ್ಕೆ ಬೇವು.

ಈಗ ಪ್ರೆಸ್ಸಿನ ವಿಷಯ ಹೇಳಬೇಕು. ಅದು ಇಬ್ಬರು ನಡೆಸುವ ಯಂತ್ರ. ಒಬ್ಬ ಮುಂದೆ, ಒಬ್ಬ ಹಿಂದೆ, ನಡುವೆ ಅಚ್ಚು. ಇಬ್ಬರೂ ಸೇರಿ ತಗಡನ್ನು ಅಚ್ಚಿನ ಮೇಲೆ ಕೂರಿಸಬೇಕು, ಕೈ ಹಿಂದಕ್ಕೆ ತೆಗೆಯಬೇಕು, ಆಮೇಲೆ ಒಬ್ಬೊಬ್ಬರೂ ಎರಡೂ ಕೈಯಲ್ಲಿ ಎರಡೆರಡು ಬಟನ್ ಒತ್ತಬೇಕು. ನಾಲ್ಕೂ ಬಟನ್ನು ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುತ್ತದೆ. ಒಬ್ಬ ಮೊದಲು ಒತ್ತಿ ಇನ್ನೊಬ್ಬ ತಡಮಾಡಿದರೆ ಕೆಂಪು ದೀಪ ಹತ್ತಿ ಸುಮ್ಮನಾಗುತ್ತದೆ. ಯಾರ ಕೈಯೂ ಒಳಗೆ ಸಿಕ್ಕಿಕೊಳ್ಳಬಾರದು ಅಂತ ಮಾಡಿದ ಏರ್ಪಾಡು. ಬಾಕಿ ಪ್ರೆಸ್ಸಿನವರು "ಹೂಂ" ಅಂತ ಕೂಗಿ ಒತ್ತುತ್ತಿದ್ದರು. ನಮ್ಮ ಸೀನಿಯರಿಗೆ ನನ್ನ ಹತ್ತಿರ "ಹೂಂ" ಅನ್ನುವುದೂ ಮಾತೇ. ಮೊದಲ ದಿನ ಊಟದ ಗಂಟೆಯವರೆಗೆ ಒಂದೇ ಒಂದು ಬಾಗಿಲೂ ಬೀಳಲಿಲ್ಲ, ಕೆಂಪು ದೀಪ ಮಾತ್ರ ಹತ್ತಿ ಹತ್ತಿ ಆರಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವುದನ್ನು ಯಂತ್ರದ ಮೇಲೆ ಮೊದಲು ಪ್ರಯೋಗ ಮಾಡಿದವರು ನಾವೇ ಇರಬೇಕು.

ಮಧ್ಯಾಹ್ನ ಸೂಪರ್‌ವೈಸರ್ ಬಂದು ಇಬ್ಬರಿಗೂ ಸೇರಿಸಿ ಬೈದರು. ಅವರು ಆಚೆ ಹೋದ ಮೇಲೆ ಸೀನಿಯರ್ ದೊಡ್ಡ ದನಿಯಲ್ಲಿ ಪ್ರೆಸ್ಸಿಗೆ ಹೇಳಿದರು. "ಪ್ರೆಸ್ಸಪ್ಪಾ, ಒತ್ತಾದಾ?"

ನನಗೆ ಒಮ್ಮೆಲೇ ಅರ್ಥವಾಯಿತು. ಇದು ಮಾತು ಬಿಟ್ಟವರ ಪದ್ಧತಿ! ನಮ್ಮ ಹಳ್ಳಿಗಳಲ್ಲಿ ಎರಡು ಮನೆಯವರು ಜಗಳವಾಡಿ ಮಾತು ಬಿಟ್ಟರೆ ಅದಕ್ಕೊಂದು ಕ್ರಮವಿದೆ. ಮುಖ ಕೊಟ್ಟು ಮಾತಾಡುವ ಹಾಗಿಲ್ಲ, ಅವರ ಮನೆ ನೀರು ಮುಟ್ಟುವ ಹಾಗಿಲ್ಲ. ಆದರೆ ಬದುಕು ನಡೆಯಬೇಕಲ್ಲ? ಆಗ ಎದುರಿಗಿರುವ ಎಮ್ಮೆಗೋ ನಾಯಿಗೋ ಗೋಡೆಗೋ ಹೇಳಿದರೆ ತಪ್ಪಿಲ್ಲ. ನಮ್ಮಜ್ಜಿಯೂ ದೊಡ್ಡಮ್ಮನೂ ಒಂದೇ ಅಡುಗೆಮನೆಯಲ್ಲಿ ಆರು ವರ್ಷ ಮಾತು ಬಿಟ್ಟಿದ್ದರು, ಎಲ್ಲ ವ್ಯವಹಾರವೂ ಬೆಕ್ಕಿನ ಮೂಲಕ. "ಬೆಕ್ಕೇ, ಸಾರಿಗೆ ಉಪ್ಪು ಹಾಕೈತೆ, ಇನ್ನೊಂದ್ಸಲ ಹಾಕ್ಬ್ಯಾಡ ಅಂತೇಳು." ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಅಡುಗೆಯೂ ಕೊತ್ತಿಯ ಮೇಲೆಯೇ ನಡೆಯುತ್ತಿತ್ತು. ಫ್ಯಾಕ್ಟರಿಯಲ್ಲಿ ಬೆಕ್ಕಿಲ್ಲ, ಎಮ್ಮೆಯಿಲ್ಲ. ಇದ್ದದ್ದು ಪ್ರೆಸ್ಸೊಂದೇ.

ನಾನು ಗಂಟಲು ಸರಿಮಾಡಿಕೊಂಡು, "ಒತ್ತಾನ ಅಂತೇಳು ಪ್ರೆಸ್ಸಪ್ಪಾ" ಅಂದೆ.

ನಾಲ್ಕು ಕೈ ಒಟ್ಟಿಗೆ ಬಿದ್ದವು. ಪ್ರೆಸ್ ಇಳಿಯಿತು. ಅಚ್ಚಿನಿಂದ ಮೊದಲ ಬಾಗಿಲು ಸುಕ್ಕಿಲ್ಲದೆ ಎದ್ದು ಬಂತು.

ಅಲ್ಲಿಂದ ನಮ್ಮ ಸಂಸಾರ ಹೀಗೇ ಸಾಗಿತು. ಕೆಲಸ ಕಲಿಸುವುದೂ ಪ್ರೆಸ್ಸಪ್ಪನಿಗೇ. "ಪ್ರೆಸ್ಸಪ್ಪಾ, ತಗಡಿನ ಮೂಲೆಗೆ ಒಸಿ ಎಣ್ಣೆ ಸವರ್ದೇ ಹೋದ್ರೆ ಸುಕ್ಕು ಬೀಳ್ತದೆ, ಅಷ್ಟೂ ಗೊತ್ತಿಲ್ದೋರೆಲ್ಲ ಐಟಿಐ ಪಾಸಂತೆ." ನಾನೂ ಬಿಡುತ್ತಿರಲಿಲ್ಲ. "ಪ್ರೆಸ್ಸಪ್ಪಾ, ಎಣ್ಣೆ ಡಬ್ಬ ಹಿಂದ್ಗಡೆ ಬಚ್ಚಿಟ್ಕೊಂಡಿರೋರು ಕೊಟ್ರೆ ಸವರ್ಬೋದು ಅಂತೇಳು." ಅಕ್ಕಪಕ್ಕದ ಪ್ರೆಸ್ಸುಗಳ ಗದ್ದಲದಲ್ಲಿ ಕಿರುಚದಿದ್ದರೆ ಕೇಳಿಸುವುದಿಲ್ಲ. ಹಾಗಾಗಿ ನಮ್ಮ ಜಗಳ ಇಡೀ ಶೆಡ್ಡಿಗೆ ಕೇಳಿಸುತ್ತಿತ್ತು. ಅಚ್ಚು ಮೇಲೆದ್ದಾಗ ಆಚೆ ಕಡೆ ಅವರ ಮೀಸೆ ಕಾಣುವುದು, ಇಳಿದಾಗ ಮಾಯವಾಗುವುದು. ಸಿಟ್ಟು ಹೆಚ್ಚಾದ ದಿನ ನಾನು ಮೀಸೆ ಮಾಯವಾಗಲಿ ಅಂತಲೇ ಬಟನ್ ಒತ್ತುತ್ತಿದ್ದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ, ನಮ್ಮ ಜಗಳದಲ್ಲಿ ಪ್ರೆಸ್ಸಪ್ಪ ಬಡವಾಗಲಿಲ್ಲ. ಬೈಗುಳ ತಿಂದು ತಿಂದು ಇನ್ನಷ್ಟು ಚೆನ್ನಾಗಿಯೇ ಓಡುತ್ತಿತ್ತು.

ಇದೆಲ್ಲ ಹೇಳಿಕೊಂಡು ನಗುವುದಕ್ಕೆ ಈಗ ಚೆಂದ. ಆಗ ನನಗೆ ಒಂದು ಭಯವಿತ್ತು. ಆರು ತಿಂಗಳಾದ ಮೇಲೆ ನನ್ನನ್ನು ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಅಂತ ತೀರ್ಮಾನವಾಗುವುದು ಸೀನಿಯರ್ ಕೈಯಲ್ಲಿತ್ತು. ತರಬೇತಿ ಕಾರ್ಡಿನ ಕೊನೆಯಲ್ಲಿ ಅವರು ರುಜು ಹಾಕಬೇಕು, ಜತೆಗೆ ಎಚ್.ಆರ್. ಸಾಹೇಬರು ಅವರನ್ನು ಕೂರಿಸಿಕೊಂಡು ಬಾಯಿಮಾತಿನಲ್ಲೂ ಕೇಳುತ್ತಿದ್ದರು. ನನಗಿಂತ ಮುಂಚೆ ಮಾಗಡಿ ಕಡೆಯ ಒಬ್ಬ ಹುಡುಗ ಇದೇ ಪ್ರೆಸ್ಸಿನಲ್ಲಿದ್ದನಂತೆ, ಕೆಲಸಗಳ್ಳ. ಅವನ ವಿಷಯ ಕೇಳಿದಾಗ ಸೀನಿಯರ್ "ನಂಗೊತ್ತಿಲ್ಲ ಸಾರ್" ಅಂದರಂತೆ. ಬೇರೆ ಏನೂ ಹೇಳಲಿಲ್ಲವಂತೆ. ಮಾರನೆಯ ದಿನ ಆ ಹುಡುಗ ಗೇಟಿನೊಳಗೆ ಬರಲಿಲ್ಲ. ಕ್ಯಾಂಟೀನಿನಲ್ಲಿ ಈ ಕಥೆಯನ್ನು ನನಗೆ ದಿನಕ್ಕೊಬ್ಬರು ಹೇಳಿ, ಕೊನೆಯಲ್ಲಿ ನನ್ನ ಬೆನ್ನು ತಟ್ಟಿ ಹೋಗುತ್ತಿದ್ದರು. ಮನೆಗೆ ಮರಳಿದರೆ ತೋಟ, ಕುಡುಗೋಲು, ಅಪ್ಪ.

ಅಷ್ಟರಲ್ಲಿ ಚುನಾವಣೆ ಬಂತು. ವೋಟಿನ ಮರುದಿನ ಸೀನಿಯರ್ ಶಾಯಿ ಹಚ್ಚಿದ ಬೆರಳನ್ನು ಪ್ರೆಸ್ಸಿಗೆ ತೋರಿಸಿ, "ಈ ಸಲ ನೋಡ್ಕೋ ಪ್ರೆಸ್ಸಪ್ಪಾ, ಕೆಲವ್ರ ಮನೆ ಪಟಾಕಿ ಠುಸ್ ಆಯ್ತದೆ" ಅಂದರು. ನಾನೂ ನನ್ನ ಬೆರಳು ತೋರಿಸಿದೆ. ಪ್ರೆಸ್ಸಪ್ಪ ಯಾರ ಪಟಾಕಿಯ ವಿಷಯವನ್ನೂ ಹೇಳಲಿಲ್ಲ. ಫಲಿತಾಂಶ ಬಂದು, ಯಾರಿಗೂ ಬಹುಮತ ಬರದೆ, ಬೆಂಗಳೂರಿನಲ್ಲಿ ಓಡಾಟ ಶುರುವಾಗಿ, ಕೊನೆಗೆ ನಮ್ಮ ಪಾರ್ಟಿಯೂ ಅವರ ಪಾರ್ಟಿಯೂ ಸೇರಿಕೊಂಡು ಸರ್ಕಾರ ಮಾಡಿಬಿಟ್ಟವು!

ನಮ್ಮ ಕಡೆಯ ಜನಕ್ಕೆ ಆದ ಗಾಬರಿಯನ್ನು ಹೇಗೆ ಹೇಳಲಿ. ಎರಡು ತಲೆಮಾರಿನಿಂದ ಒಂದೇ ಓಣಿಯಲ್ಲಿ ಎದುರುಬದುರಾಗಿ ಎರಡು ಟೀ ಅಂಗಡಿ ನಡೆಯುತ್ತಿದ್ದ ಊರುಗಳಿವು, ಇವರ ಟೀ ಅವರು ಕುಡಿಯರು. ಟೀವಿಯಲ್ಲಿ ಎರಡೂ ಕಡೆಯ ದೊಡ್ಡವರು ಒಬ್ಬರಿಗೊಬ್ಬರು ಹಾರ ಹಾಕಿದ್ದನ್ನು ನೋಡಿ ಅಪ್ಪ ಎರಡು ದಿನ ಯಾರನ್ನೂ ಬೈಯದೆ ಸೊಪ್ಪು ಕೊಯ್ದ. ಶೆಡ್ಡಿನಲ್ಲಿ ಎಲ್ಲರೂ ಅವತ್ತು ನಮ್ಮಿಬ್ಬರನ್ನೇ ನೋಡುತ್ತಿದ್ದರು. ಇನ್ನಾದರೂ ಮಾತಾಡುತ್ತಾರೆ ಅಂತ ಪಂದ್ಯ ಕಟ್ಟಿದವರೂ ಇದ್ದರು. ನಾನೂ ಆಸೆಯಿಂದಲೇ ಹೋಗಿ, "ಅಣ್ಣಾ, ನಮಸ್ಕಾರ" ಅಂದೆ. ಸೀನಿಯರ್ ಕಿವಿಗೆ ಹತ್ತಿ ತುರುಕಿಕೊಂಡು, ಕಂಬ ತಟ್ಟಿ, "ಮೇಲ್ನೋರು ಬೀಗರಾದ್ರೆ ಆಗ್ಲಿ ಪ್ರೆಸ್ಸಪ್ಪಾ, ನಮ್ಮನೆ ಲೆಕ್ಕಾನೇ ಬ್ಯಾರೆ" ಅಂದರು. ಪಂದ್ಯದಲ್ಲಿ ಸೋತವರು ಕ್ಯಾಂಟೀನಿನಲ್ಲಿ ನನ್ನನ್ನೇ ಗುರಾಯಿಸಿದರು.

ನಮ್ಮನೆ ಲೆಕ್ಕ ಅಂದರೇನು? ಅವತ್ತು ಮೊದಲ ಸಲ ನನಗೆ ಇದು ಬರೀ ಪಾರ್ಟಿಯ ಕೋಪ ಅಲ್ಲ ಅನ್ನಿಸಿತು. ಕೇಳುವುದು ಹೇಗೆ? ಬೆಕ್ಕಿನ ಹತ್ತಿರ ಉಪ್ಪಿನ ಸಮಾಚಾರ ಕೇಳಬಹುದು, ಮನಸ್ಸಿನ ಸಮಾಚಾರ ಕೇಳುವುದು ಕಷ್ಟ.

ಈ ನಡುವೆ ಪುಣೆಯಿಂದ ಒಬ್ಬ ಆಡಿಟರ್ ಬಂದರು. ಸುರಕ್ಷತೆ ನೋಡುವವರು, ಕನ್ನಡದ ಒಂದಕ್ಷರವೂ ಬಾರದವರು. ಶೆಡ್ಡಿನಲ್ಲಿ ಸುತ್ತುತ್ತಾ ನಮ್ಮ ಪ್ರೆಸ್ಸಿನ ಮುಂದೆ ನಿಂತುಬಿಟ್ಟರು. ಅವರಿಗೆ ಕಂಡದ್ದು ಇಷ್ಟು: ಒಬ್ಬ ಯಂತ್ರದ ಕಡೆ ನೋಡಿ ಗಟ್ಟಿಯಾಗಿ ಏನೋ ಕೂಗುತ್ತಾನೆ, ಇನ್ನೊಬ್ಬ ಆಚೆಯಿಂದ ಗಟ್ಟಿಯಾಗಿ ಉತ್ತರ ಕೂಗುತ್ತಾನೆ, ಆಮೇಲೆಯೇ ಇಬ್ಬರೂ ಒತ್ತುತ್ತಾರೆ. ಇಬ್ಬರ ಕಣ್ಣೂ ಯಂತ್ರದ ಮೇಲೆ, ಒಂದು ಸಲವೂ ಅತ್ತಿತ್ತ ಇಲ್ಲ. ನಿಜವಾಗಿ ಆ ಗಳಿಗೆಯಲ್ಲಿ ಸೀನಿಯರ್ ಕೂಗುತ್ತಿದ್ದದ್ದು, "ಪ್ರೆಸ್ಸಪ್ಪಾ, ಈ ಕತ್ತೆ ತಗಡನ್ನ ಸೊಟ್ಟಗೆ ಮಡಗವ್ನೆ." ನನ್ನ ಉತ್ತರ, "ನೆಟ್ಟಗೇ ಐತೆ, ನೋಡೋ ಕಣ್ಣೇ ಸೊಟ್ಟ ಅಂತೇಳು." ಆಡಿಟರ್ ಇದೇನು ಅಂತ ಇಂಗ್ಲಿಷಿನಲ್ಲಿ ಕೇಳಿದರು. ಸೂಪರ್‌ವೈಸರ್ ಒಂದು ಸಲ ನಮ್ಮನ್ನು ನೋಡಿ, ಬೆವರು ಒರೆಸಿಕೊಂಡು, ಇದು ನಾವೇ ಕಂಡುಹಿಡಿದ ಸುರಕ್ಷತಾ ಪದ್ಧತಿ ಅಂದುಬಿಟ್ಟರು.

ಹದಿನೈದು ದಿನಕ್ಕೆ ಶೆಡ್ಡಿನ ಗೋಡೆಗೆ ಬೋರ್ಡು ಬಂತು. "ಒತ್ತುವ ಮೊದಲು ಯಂತ್ರವನ್ನು ನೋಡಿ ಗಟ್ಟಿಯಾಗಿ ಕೂಗಿ. ಉತ್ತರ ಬಂದ ಮೇಲೆ ಒತ್ತಿ." ಎಲ್ಲ ಪ್ರೆಸ್ಸಿನವರೂ ಕಡ್ಡಾಯವಾಗಿ ಹಾಗೆ ಮಾಡಬೇಕಾಯಿತು. ಗೆಳೆಯರಾಗಿ ಸುಖವಾಗಿ ಕೆಲಸ ಮಾಡಿಕೊಂಡಿದ್ದವರೆಲ್ಲ ನಮ್ಮ ದೆಸೆಯಿಂದ ದಿನವಿಡೀ ಯಂತ್ರದ ಹತ್ತಿರ ಕಿರುಚುವ ಹಾಗಾಗಿ, ನಮ್ಮಿಬ್ಬರ ವಂಶಕ್ಕೂ ಶಾಪ ಹಾಕಿದರು. ನಮಗೆ ಬಹುಮಾನ ಬೇರೆ! ಇಬ್ಬರಿಗೂ ಸೇರಿ ಒಂದು ಗೋಡೆ ಗಡಿಯಾರ. ಫೋಟೋ ತೆಗೆಯುವವನು "ಕೈ ಕುಲುಕಿ" ಅಂದ. ನಾನು ಕೈ ನೀಡಿದೆ, ಸೀನಿಯರ್ ಪ್ರೆಸ್ಸಿನ ಕಂಬ ಹಿಡಿದುಕೊಂಡರು. ನೀಡಿದ ಕೈ ಹಿಂದಕ್ಕೆ ತರಲಾಗದೆ ನಾನೂ ಕಂಬವನ್ನೇ ಹಿಡಿದೆ. ಆ ಫೋಟೋ ಈಗಲೂ ನನ್ನ ಹತ್ತಿರ ಇದೆ, ಇಬ್ಬರು ಗಂಡಸರು ಒಂದು ಕಂಬವನ್ನು ಅಭಿನಂದಿಸುತ್ತಿರುವ ಫೋಟೋ. ಗಡಿಯಾರ ಯಾರ ಮನೆಗೆ ಅನ್ನುವ ಪ್ರಶ್ನೆ ಬಂದಾಗ ಸೀನಿಯರ್, "ನೀನೇ ಮಡಿಕ್ಕೊ ಪ್ರೆಸ್ಸಪ್ಪಾ, ದುಡ್ದೋನು ನೀನು" ಅಂದು ಅದನ್ನು ಕಂಬಕ್ಕೇ ನೇತುಹಾಕಿದರು. ಆ ಮಾತು ಮಾತ್ರ ನನಗೆ ಹಿಡಿಸಿತು. ಬಾಯಿ ತಪ್ಪಿ ನಕ್ಕೆ. ಅಚ್ಚಿನ ಸಂದಿಯಲ್ಲಿ ಅವರ ಮೀಸೆಯೂ ಒಂದು ಸಲ ಅಲುಗಿದ ಹಾಗೆ ಕಂಡಿತು.

ಐದನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಜನರೇಟರೂ ಕೆಟ್ಟಿತ್ತು. ಶೆಡ್ಡು ಪೂರ್ತಿ ಸದ್ದಡಗಿ, ತಗಡಿನ ಮಾಡಿನ ಮೇಲೆ ಕಾಗೆ ನಡೆಯುವುದೂ ಕೇಳಿಸುತ್ತಿತ್ತು. ಎಲ್ಲರೂ ಟೀಗೆ ಹೋದರು. ನಾವಿಬ್ಬರು ಪ್ರೆಸ್ಸಿನ ಆಚೆಗೊಬ್ಬರು ಈಚೆಗೊಬ್ಬರು ಕೂತಿದ್ದೆವು. ಧೈರ್ಯ ಮಾಡಿ, ಮೊದಲ ಸಲ ಮೆಲ್ಲಗೆ ಹೇಳಿದೆ. "ಪ್ರೆಸ್ಸಪ್ಪಾ, ಮೇಲ್ನೋರೇ ಒಂದಾಗೋದ್ರು. ಅಣ್ಣನ್ಗೆ ನಮ್ಮನೆ ಮ್ಯಾಲೆ ಇನ್ನೇನ್ ಕೋಪ ಅಂತ ಕೇಳು."

ಆಚೆಯಿಂದ ಅವರ ದನಿ ಬಂತು, ಕಿರುಚದೆ, ಮನೆಯ ಜಗುಲಿಯಲ್ಲಿ ಆಡುವ ದನಿ.

"ಪ್ರೆಸ್ಸಪ್ಪಾ, ಈಗಿಂದಲ್ಲ, ಅದ್ರ ಹಿಂದಿನ್ ಎಲೆಕ್ಷನ್ನಲ್ಲಿ ನಾನು ಪೀಣ್ಯದಲ್ಲಿದ್ದೆ. ನಮ್ಮವ್ವ ಒಬ್ಳೇ ವೋಟ್ಗೋಗಿದ್ಲು. ಕಾರ್ಡು ಎಲ್ಲೋ ಮಡಗಿ ಮರ್ತಿದ್ಲು. ಕಾರ್ಡಿಲ್ದಿದ್ರೂ ಎರಡ್ ಕಡೆ ಏಜೆಂಟ್ರೂ ಗೊತ್ತಿರೋ ಹೆಂಗ್ಸು ಅಂತ ತಲೆಯಾಡ್ಸಿದ್ರೆ ಬುಡೋರು. ಈ ಹುಡ್ಗನ್ ಅಪ್ಪ ಅಲ್ಲೇ ಕೂತಿದ್ನಂತೆ. ಆಪೀಸರ್ರು ಕೇಳುದ್ರೆ, ನಂಗೊತ್ತಿಲ್ಲ ಅಂದ್ಬುಟ್ನಂತೆ."

ಕಾಗೆ ಮಾಡಿನ ಮೇಲೆ ಈ ಕಡೆಯಿಂದ ಆ ಕಡೆಗೆ ಹೋಯಿತು.

"ವೋಟ್ ಹೋದ್ರೆ ಹೋಗ್ಲಿ. ಅವ್ಳು ಎಂಟು ಮೈಲಿ ಸುತ್ತಳ್ತೆಗೆ ಮಜ್ಜಿಗೆ ಕೊಟ್ಟೋಳು. ಇವನಪ್ಪ ಹುಡ್ಗನಾಗಿದ್ದಾಗ ದನ ಹೊಡ್ಕೊಂಡು ಬಂದು ನಮ್ ಜಗ್ಲಿ ಮ್ಯಾಲೆ ಅದೆಷ್ಟು ಚೊಂಬು ಕುಡ್ದವ್ನೋ. ಸಾಯೋಗಂಟ ಒಂದೇ ಮಾತು. ವೋಟಿನ್ ಮಾತಲ್ಲ. 'ಅವನು ನನ್ನ ಗೊತ್ತಿಲ್ಲ ಅಂದ್ಬುಟ್ನಲ್ಲೋ ಮಗಾ' ಅನ್ನೋಳು."

ಕರೆಂಟು ಬಂತು. ಪಂಖಗಳು ತಿರುಗಿದವು. ಇಷ್ಟು ತಿಂಗಳು ಅವರಿಗೆ ತಿರುಗುತ್ತರ ಕೊಟ್ಟು ಗೆದ್ದೆ ಅಂತ ಬೀಗಿದ್ದು ನೆನಪಾಗಿ ನನಗೆ ನಾಚಿಕೆಯಾಯಿತು.

ಸಂಜೆ ಊಟಕ್ಕೆ ಕೂತಾಗ ಅಪ್ಪನನ್ನು ನೇರವಾಗಿಯೇ ಕೇಳಿದೆ. ಅಪ್ಪ ಮೊದಲು ರೇಗಿದ. "ಪಾರ್ಟಿ ಅಂದ್ಮೇಲೆ ಅಂಗೇ ಕಣ್ಲಾ. ಆಯಮ್ಮ ಬಂದ್ರೆ ಅವ್ರಿಗೊಂದ್ ವೋಟು ಗ್ಯಾರಂಟಿ. ನಾನೇನ್ ಅವ್ರ ಏಜೆಂಟಾ?"

"ಆಯಮ್ಮ ಯಾರು ಅಂತ ನಿಂಗ್ ನಿಜವಾಗ್ಲೂ ಗೊತ್ತಿರ್ಲಿಲ್ವಾ?" ಅಂದೆ.

ಅಪ್ಪ ಸಾರಿನಲ್ಲಿ ಅದ್ದಿದ ಮುದ್ದೆಯನ್ನು ಮತ್ತೆ ತಟ್ಟೆಗೆ ಹಾಕಿದ. "ಮಜ್ಜಿಗೆಗೆ ಕೊತ್ತಂಬ್ರಿ ಸೊಪ್ಪು ಅರ್ದು ಹಾಕೋಳು" ಅಂದ. ಆಮೇಲೆ ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟು ಕೈ ತೊಳೆದ. ನನಗೆ ತಿಳುವಳಿಕೆ ಬಂದಾಗಿನಿಂದ ಅಪ್ಪ ಮುದ್ದೆ ಬಿಟ್ಟದ್ದನ್ನು ಕಂಡಿರಲಿಲ್ಲ, ಅವ್ವ ಹುಷಾರಿಲ್ಲವೇನೋ ಅಂತ ಹಣೆ ಮುಟ್ಟಿ ನೋಡಿದಳು.

ಆಯುಧಪೂಜೆಗೆ ಫ್ಯಾಕ್ಟರಿಯಲ್ಲಿ ಮನೆಯವರನ್ನೆಲ್ಲ ಕರೆಯುತ್ತಿದ್ದರು. ನನ್ನ ಆರು ತಿಂಗಳು ಮುಗಿಯುವುದಕ್ಕೆ ಒಂದು ವಾರ ಉಳಿದಿತ್ತು. ಅಪ್ಪನನ್ನು ಕರೆದೆ. "ಹುಳ ಜ್ವರಕ್ಕೆ ಕೂತವೆ, ನಂಗೆಲ್ಲಿ ಪುರುಸೊತ್ತು" ಅಂದ. ರೇಷ್ಮೆ ಹುಳ ಪೊರೆ ಬಿಡುವಾಗ ಸೊಪ್ಪು ಮುಟ್ಟದೆ ಮಲಗುತ್ತವೆ, ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಹುಳ ಸಾಕುವವನಿಗೆ ಪುರುಸೊತ್ತು ಸಿಗುವುದೇ ಆ ಒಂದು ದಿನ. ಎಂಥ ದಡ್ಡನಿಗೂ ತಿಳಿಯುವ ಸುಳ್ಳನ್ನು ರೇಷ್ಮೆಯವನ ಮಗನಿಗೇ ಹೇಳಿದನಲ್ಲ ಅಂತ ನನಗೆ ಎಲ್ಲಿಲ್ಲದ ಕೋಪ ಬಂತು. ಅವ್ವನನ್ನೂ ತಂಗಿಯನ್ನೂ ಕರೆದುಕೊಂಡು ಬಾಗಿಲು ದಡಾರನೆ ಎಳೆದು ಹೊರಟೆ.

ಶೆಡ್ಡಿನಲ್ಲಿ ಪ್ರೆಸ್ಸಪ್ಪ ಮದುವೆ ಗಂಡಿನ ಹಾಗೆ ನಿಂತಿದ್ದ. ಎರಡು ಬಾಳೆಕಂಬ, ಚೆಂಡುಹೂವಿನ ಹಾರ, ಬಹುಮಾನದ ಗಡಿಯಾರಕ್ಕೂ ಕುಂಕುಮ. ಆ ದಿನ ಅವನಿಗೆ ಬೈಗುಳವಿಲ್ಲ. ಸೀನಿಯರ್ ಬಿಳಿ ಪಂಚೆ ಉಟ್ಟು ಬೂದುಗುಂಬಳ ಒಡೆದರು, ಮಂಗಳಾರತಿಯಾಯಿತು, ಕಡ್ಲೆಪುರಿ ಹಂಚುವುದಕ್ಕೆ ಶುರುಮಾಡಿದರು. ಅವ್ವ ನನ್ನ ತೋಳು ಚಿವುಟಿದಳು. ತಿರುಗಿ ನೋಡಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಗೇಟಿನಲ್ಲಿ ಕೊಟ್ಟ ಹಳದಿ ಹೆಲ್ಮೆಟ್ಟು ಹುಬ್ಬಿನವರೆಗೆ ಜಾರಿಕೊಂಡಿತ್ತು. ಹೆಗಲ ಮೇಲೆ ಪಾರ್ಟಿಯ ಟವೆಲ್ ಇರಲಿಲ್ಲ. ಆ ಟವೆಲ್ಲಿಲ್ಲದೆ ಅಪ್ಪ ಊರು ದಾಟಿದ್ದನ್ನು ನಾನು ಅವತ್ತೇ ನೋಡಿದ್ದು.

ಅಪ್ಪನೂ ಸೀನಿಯರೂ ಒಬ್ಬರನ್ನೊಬ್ಬರು ನೋಡಿದರು. ಕ್ರಮ ಕ್ರಮವೇ, ಮಾತು ಬಿಟ್ಟವರು ಮುಖ ಕೊಟ್ಟು ಮಾತಾಡುವ ಹಾಗಿಲ್ಲ. ಅಪ್ಪ ಚಪ್ಪಲಿ ಬಿಟ್ಟು ಪ್ರೆಸ್ಸಿನ ಹತ್ತಿರ ಬಂದ. ಈ ಪದ್ಧತಿಯನ್ನು ನಾನು ಅಪ್ಪನಿಗೆ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾಗಿಯೂ ಇರಲಿಲ್ಲ, ಅವನೂ ಅದೇ ಬೆಕ್ಕಿನ ಮನೆಯಲ್ಲಿ ಬೆಳೆದವನು. ಕುಂಕುಮ ತೆಗೆದು ಹಣೆಗಿಟ್ಟುಕೊಂಡು, ಕಂಬದ ಮೇಲೆ ಕೈಯಿಟ್ಟ.

"ನಿಂಗೇ ಹೇಳ್ತೀನಿ ಕಣಪ್ಪಾ. ಆವತ್ತು ಬೂತಲ್ಲಿ ಆಯಮ್ಮನ್ನ ಗೊತ್ತಿಲ್ಲ ಅಂದೆ. ಗೊತ್ತಿತ್ತು." ಹೆಲ್ಮೆಟ್ಟು ಮೂಗಿನ ಮೇಲೆ ಬಂತು, ಅದನ್ನು ಮೇಲಕ್ಕೆ ತಳ್ಳಿ ಮತ್ತೆ ಹೇಳಿದ. "ಚೆನ್ನಾಗ್ ಗೊತ್ತಿತ್ತು. ಅವಳು ಬಾಗ್ಲಲ್ಲಿ ನಿಂತು ನನ್ನೇ ನೋಡ್ತಿದ್ಲು. ನಾನು ಪಟ್ಟಿ ನೋಡ್ದೆ."

ಸೀನಿಯರ್ ಕಡ್ಲೆಪುರಿ ತಟ್ಟೆ ಹಿಡಿದುಕೊಂಡೇ ಆಚೆ ಕಡೆ ನಿಂತಿದ್ದರು. ಅಚ್ಚಿನ ಸಂದಿಯಿಂದ ಅವರ ಅರ್ಧ ಮುಖ ಕಾಣುತ್ತಿತ್ತು. ತಟ್ಟೆಯಿಂದ ಪುರಿ ಒಂದೊಂದೇ ಉದುರುತ್ತಿತ್ತು. "ಇದ್ನ ಅವ್ವ ಕೇಳ್ಬೇಕಾಗಿತ್ತು ಪ್ರೆಸ್ಸಪ್ಪಾ" ಅಂದರು. ಮತ್ತೆ "ಬಂದೋರು ಪ್ರಸಾದ ಇಲ್ದೇ ಹೋಗ್ಬ್ಯಾಡಿ ಅಂತೇಳು" ಅಂದು, ತಟ್ಟೆಯನ್ನು ಅಚ್ಚಿನ ಮೇಲಿಟ್ಟು ಈಚೆಗೆ ತಳ್ಳಿದರು. ಅಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡ. ಅಲ್ಲಿಗೆ ಮಾತು ಮುಗಿಯಿತು, ಇಬ್ಬರೂ ಬೇರೆ ಬೇರೆ ಕಡೆಗೆ ನಡೆದರು. ನನ್ನ ಕೆಲಸದ ಗತಿ ಏನು ಅಂತ ಪ್ರೆಸ್ಸಪ್ಪನನ್ನು ಯಾರೂ ಕೇಳಲಿಲ್ಲ, ನಾನು ಬಾಯಿ ತೆರೆಯುವ ಹೊತ್ತೂ ಅದಾಗಿರಲಿಲ್ಲ.

ವಾರ ಕಳೆದು ಎಚ್.ಆರ್. ಸಾಹೇಬರು ಕರೆಸಿದರು. ಮೇಜಿನ ಮೇಲೆ ನನ್ನ ಕಾರ್ಡು, ರುಜುವಿನ ಜಾಗ ಖಾಲಿ. ಸೀನಿಯರ್ ಕುರ್ಚಿಯ ತುದಿಯಲ್ಲಿ ಕೂತಿದ್ದರು, ನಾನು ಬಾಗಿಲ ಹತ್ತಿರ ನಿಂತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಆ ಕೋಣೆಯಲ್ಲಿ ಪ್ರೆಸ್ಸಪ್ಪನೂ ಇರಲಿಲ್ಲ, ಇನ್ನು ಯಾರ ಮೂಲಕ ಮಾತಾಡುತ್ತಾರೆ? ಮಾಗಡಿ ಹುಡುಗ ನೆನಪಾದ.

ಸಾಹೇಬರು ಕಾರ್ಡು ತಿರುವಿ ಹಾಕಿ, "ಏನ್ರೀ, ಕಾಯಂ ಮಾಡಬಹುದಾ? ಈ ಹುಡುಗ ಎಂಥವನು, ನಿಮಗೆ ಚೆನ್ನಾಗಿ ಗೊತ್ತಾ?" ಅಂತ ಕೇಳಿದರು.

ಸೀನಿಯರ್ ತಲೆಯೆತ್ತಿ, ಆರು ತಿಂಗಳಲ್ಲಿ ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ಮೆಲ್ಲಗೆ ತಲೆಯಾಡಿಸಿದರು.

"ಗೊತ್ತು ಸಾರ್" ಅಂದರು. "ಯಾರ ಮಗ ಅಂತಾನೂ ಗೊತ್ತು."

ಆಮೇಲೆ ಸಾಹೇಬರ ಪೆನ್ನು ಕೇಳಿ ತೆಗೆದುಕೊಂಡು ರುಜು ಹಾಕಿದರು.